ಮೊದಲು ಒಂದು ಹಗಲು ಕೂರು

ಮನೆಯಲ್ಲೇ ಆರೈಕೆ ಪಡೆಯುವ ಹಿರಿಯರು ಯಾವ ಕೋಣೆಯಲ್ಲಿದ್ದಾರೆಂಬುದನ್ನು ಅವರ ಕೈಪಟ್ಟಿಯ ನಿಸ್ತಂತು ಸಂಕೇತದಿಂದ ಗುರುತಿಸಿ ಮಕ್ಕಳ ಫೋನಿಗೆ ತಿಳಿಸುವ ವಿದ್ಯೆಯಲ್ಲಿ ನುರಿತವರು ಇಂದು ಹಲವರಿದ್ದಾರೆ. ಆದರೆ ಯಂತ್ರಕ್ಕಿಂತ ಮೊದಲು ಮನೆಯನ್ನು ಅರಿಯಬೇಕೆಂದು ಇಪ್ಪತ್ತೆರಡು ವರ್ಷ ಹಟ ಹಿಡಿದವರು, ಈ ತಿಂಗಳು ಸಂಸ್ಥೆಯಿಂದ ನಿವೃತ್ತರಾಗುತ್ತಿರುವ, ನಮಗೆಲ್ಲ ಕೆಲಸ ಕಲಿಸಿದ ಮೇಷ್ಟ್ರೊಬ್ಬರೇ.

ಗೋಡೆಗೆ ಮೊಳೆ ಹೊಡೆಯುವ ಮುನ್ನ ಆ ಮನೆಯಲ್ಲಿ ಒಂದು ಹಗಲು ಸುಮ್ಮನೆ ಕೂರಬೇಕೆಂಬುದು ಅವರ ನಿಯಮ. ಅದಕ್ಕೆಂದೇ ಮಡಚುವ ಸ್ಟೂಲೊಂದನ್ನು ಬಗಲಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಅದನ್ನು ಬಿಡಿಸುವಾಗಿನ ಕಿರ್ರೆಂಬ ಸದ್ದು ಇಂದಿಗೂ ಕಿವಿಯಲ್ಲಿದೆ. ಬೆನ್ನ ಹಿಂದೆ 'ಸ್ಟೂಲ್ ಮೇಷ್ಟ್ರು' ಎಂದು ಆಡಿಕೊಂಡವರಲ್ಲಿ ಈ ಲೇಖನ ಬರೆಯುತ್ತಿರುವ ಶಿಷ್ಯೆಯೇ ಮೊದಲಿಗಳು.

ಸೇರಿದ ಹೊಸತರಲ್ಲಿ ಅವಳು ಒಬ್ಬ ಅಜ್ಜಿಯ ಮನೆಗೆ ಹೋಗಿ, ಒಂದೇ ಗಂಟೆಯಲ್ಲಿ ಯಂತ್ರ ಕೂರಿಸಿ, 'ಒಂದು ಹಗಲು ಕೂತೆ' ಎಂದು ವರದಿ ಬರೆದು ಕೈ ತೊಳೆದುಕೊಂಡಳು. ವಾರದೊಳಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಕಚೇರಿಯಲ್ಲಿದ್ದ ಮಗಳ ಫೋನು 'ಅಡುಗೆಮನೆ' ಎಂದೇ ತೋರಿಸುತ್ತಿತ್ತು. ಎರಡು ಗಂಟೆ ಆಕೆ ನಿಶ್ಚಿಂತೆಯಿಂದಿದ್ದರು. ಕಾಲು ಮುರಿದರೂ ಅಜ್ಜಿಯ ಜೀವ ಉಳಿದದ್ದು ಪುಣ್ಯ.

ಮಗಳು ಕೆಂಡಾಮಂಡಲವಾಗಿ ನಮ್ಮ ಕಚೇರಿಗೆ ಬಂದರು. ಶಿಷ್ಯೆ ಬಾಯಿ ಬಿಡುವ ಮುನ್ನವೇ ಮೇಷ್ಟ್ರು ಎದ್ದು ನಿಂತು, "ತಪ್ಪು ನಂದಮ್ಮ. ವರದಿಗೆ ಕಣ್ಣು ಮುಚ್ಕೊಂಡು ಸಹಿ ಹಾಕ್ದೋನು ನಾನು" ಎಂದರು. ಮರುದಿನ ರಾಜೀನಾಮೆ ಬರೆದು ತಂದವಳನ್ನು ಒಂದು ಮಾತೂ ಬೈಯದೆ, ಆ ಕಾಗದ ತೆಗೆದುಕೊಂಡು ಸ್ಟೂಲು ಕೈಗಿತ್ತರು.

ಅಜ್ಜಿಯ ಮಂಚದ ಬಳಿ ಕೂತಾಗಲೇ ಅವಳಿಗೆ ನಿಜ ತಿಳಿದದ್ದು. "ಸ್ನಾನಕ್ಕೆ ಹೋಗೋವಾಗ ದಿನಾ ಈ ಕೈಪಟ್ಟೀನ ಬಿಚ್ಚಿ ಅಡುಗೆಮನೆ ಮೊಳೆಗೆ ಹಾಕ್ತಿದ್ದೆ ಕಣಮ್ಮ. ನೀರು ಬಿದ್ದು ನಿಮ್ಮ ಸಾಮಾನು ಕೆಟ್ರೆ ನಿನಗೇ ತಾನೆ ಬೈಯೋದು?" ಶಿಷ್ಯೆ ಅಲ್ಲೇ ಅತ್ತುಬಿಟ್ಟಳು. ನೀರಿಗೆ ಕೆಡದ, ಬಿಚ್ಚಿಟ್ಟರೆ ಕೂಡಲೇ ಮನೆಯವರನ್ನು ಎಚ್ಚರಿಸುವ ನಮ್ಮ ಕೈಪಟ್ಟಿ ರೂಪುಗೊಂಡದ್ದು ಆ ದಿನದ ಬಳಿಕ.

ಕಳೆದ ವರ್ಷ ಮೇಷ್ಟ್ರ ಮನೆಗೂ ಎರಡು ಕೈಪಟ್ಟಿಗಳು ಬಂದವು. ಒಂದು ಮರೆವಿನ ಕಾಯಿಲೆಯ ಅವರ ಪತ್ನಿಗೆ, ನಾವೆಲ್ಲ ಅಮ್ಮ ಎನ್ನುವವರಿಗೆ; ಇನ್ನೊಂದು ಅವರಿಗೇ. ತಿಂಗಳು ತುಂಬುವುದರೊಳಗೆ ಸಹೋದ್ಯೋಗಿಯೊಬ್ಬರು ಶಿಷ್ಯೆಯ ಬಳಿ ಓಡಿಬಂದು, "ಮೇಡಂ, ಏನೋ ಎಡವಟ್ಟಾಗಿದೆ. ಮೇಷ್ಟ್ರು ಮನೇಲಿದ್ದಾಗೆಲ್ಲ ಪರದೇಲಿ ಅವರಿಬ್ಬರ ಚುಕ್ಕೀನೂ ಒಂದೇ ಕೋಣೇಲಿ ತೋರಿಸ್ತಿದೆ" ಎಂದರು.

ಶಿಷ್ಯೆ ರಜೆಯ ದಿನ ಸ್ಟೂಲು ಹಿಡಿದು ಹೋಗಿ ಒಂದು ಹಗಲು ಕೂತಳು. ಅಮ್ಮ ಎದ್ದಾಗಲೆಲ್ಲ ಮೇಷ್ಟ್ರೂ ಎದ್ದರು. ಅಮ್ಮ ಕಿಟಕಿಯ ಬಳಿ ನಿಂತರೆ ಅವರೂ ನಿಂತರು. ಯಂತ್ರದಲ್ಲಿ ದೋಷವಿರಲಿಲ್ಲ.

ಮೇಷ್ಟ್ರು ಹೊಸಬರನ್ನು ಇನ್ನು ಮನೆಗೇ ಕರೆಸಿಕೊಂಡು ಕೂರುವುದನ್ನು ಕಲಿಸುತ್ತಿರಲಿ. ಆ ಎರಡು ಚುಕ್ಕಿಗಳು ಇನ್ನೂ ಬಹುಕಾಲ ಒಂದೇ ಕೋಣೆಯಲ್ಲಿರಲಿ.