ಮೂರು ಉಪವಾಸ, ಒಂದು ಡ್ರಮ್ ಮಜ್ಜಿಗೆ

ಕಳೆದ ಶುಕ್ರವಾರ ಬೆಳಗ್ಗೆ ಶೆಟ್ಟಿಹಳ್ಳಿ ತಿರುವಿನಲ್ಲಿ ಮುನಿರಾಜಣ್ಣ ಒಂದು ಲೋಟ ಮಜ್ಜಿಗೆ ಬಾಯಿಗಿಟ್ಟರು. ಮುಖ ಮೊದಲು ಕಿವುಚಿಕೊಂಡಿತು. ಆಮೇಲೆ ಕೆಂಪಾಯಿತು. ನುಂಗುವುದೋ ಉಗಿಯುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ನಿಂತೇಬಿಟ್ಟರು. ಇದಿಷ್ಟೂ ಲೈವ್ ಹೋಗುತ್ತಿತ್ತು. ಮೊಬೈಲ್ ಹಿಡಿದಿದ್ದವಳು ನಾನು.

ಯಾರು ಈ ಮುನಿರಾಜಣ್ಣ ಅಂತೀರಾ? ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಅದೇ ಹೊಲದಲ್ಲಿ ಅಪಾರ್ಟ್‌ಮೆಂಟ್ ಬೆಳೆಯುತ್ತಾರೆ. ಬಸ್‌ಸ್ಟಾಪ್ ಪಕ್ಕ ಅವರದೊಂದು ಖಾಲಿ ಶೆಡ್ ಇದೆ, ಶೆಡ್ಡಿನಲ್ಲೊಂದು ನಲ್ಲಿ, ನಲ್ಲಿಯಲ್ಲಿ ಅವರ ಬೋರ್‌ವೆಲ್ ನೀರು. (ಬೇಸಿಗೆಯಲ್ಲಿ ನಮ್ಮ ಏರಿಯಾದಲ್ಲಿ ನೀರು ಬರುವ ನಲ್ಲಿ ಅಂದರೆ ಏನು ಅನ್ನುವುದನ್ನು ಟ್ಯಾಂಕರ್‌ಗೆ ಫೋನ್ ಮಾಡಿದವರಿಗೆ ವಿವರಿಸಬೇಕಾಗಿಲ್ಲ.)

ಆ ಶೆಡ್ಡಿನ ಮೇಲೆ ನನ್ನ ಮಗಳು ಸ್ಫೂರ್ತಿಯ ಕಣ್ಣು ಬಿತ್ತು. ಅವಳು, ನದೀಮ್, ಜೆನಿಫರ್ ಮೂವರೂ ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಒಂದೇ ಕ್ಲಾಸು. ಬಿಸಿಲಲ್ಲಿ ಬಸ್ಸಿಗೆ ಕಾಯುವವರಿಗೆ, ಗಾರೆ ಕೆಲಸದವರಿಗೆ, ಡೆಲಿವರಿ ಹುಡುಗರಿಗೆ ಪುಕ್ಕಟೆ ಮಜ್ಜಿಗೆ ಕೊಡುವ ಅರವಟ್ಟಿಗೆ ಇಡುತ್ತೇವೆ ಅಂತ ಹೊರಟರು. ಮುನಿರಾಜಣ್ಣ ಒಂದು ವಾರದ ಮಟ್ಟಿಗೆ ಒಪ್ಪಿದರು. ಅದೇ ಶೆಡ್ಡನ್ನು ಒಬ್ಬ ಎಳನೀರಿನವನೂ ಕೇಳುತ್ತಿದ್ದ. ಶುಕ್ರವಾರ ತಾವೇ ಬಂದು ನೋಡುವುದಾಗಿಯೂ, ನಾಲ್ಕು ಜನ ಕುಡಿಯುತ್ತಿದ್ದರೆ ಮಳೆಗಾಲದವರೆಗೆ ಶೆಡ್ಡು ಮಕ್ಕಳದ್ದು, ಇಲ್ಲದಿದ್ದರೆ ಎಳನೀರಿನವನದ್ದು ಎಂದೂ ಹೇಳಿ ಕಳಿಸಿದರು.

ಪುಕ್ಕಟೆ ಅಂದರೆ ಜನ ಮುಗಿಬೀಳುತ್ತಾರೆ ಅಂದುಕೊಂಡಿದ್ದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಪುಕ್ಕಟೆ ಕೊಡುವವರನ್ನು ಕಂಡರೆ ಜನ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಾರೆ. ಮಜ್ಜಿಗೆ ಕೊಟ್ಟು ಫೋನ್ ನಂಬರ್ ಕೇಳಿದರೆ? ಸೈಟ್ ನೋಡಲು ಬನ್ನಿ ಅಂದರೆ? ಮೊದಲೆರಡು ದಿನ ಅರ್ಧ ಡ್ರಮ್ ಹಾಗೇ ಉಳಿಯಿತು. ಮಕ್ಕಳು ಒಂದು ಪೇಜ್ ಶುರು ಮಾಡಿದರು. ಅದನ್ನು ಫಾಲೋ ಮಾಡಿದವರೆಲ್ಲ ನಮ್ಮ ನೆಂಟರೇ, ಅವರಿರುವುದು ಗದಗದಲ್ಲಿ. ಮಜ್ಜಿಗೆ ಕುಡಿಯಲು ಅಲ್ಲಿಂದ ಬರುತ್ತಾರೆಯೇ?

"ಅಮ್ಮಾ, ನೀನು ಪೇಪರ್‌ಗೆ ಬರೀತೀಯಲ್ಲ, ಒಂದ್ ಪೋಸ್ಟ್ ಮಾಡ್ಕೊಡು" ಅಂದಳು ಮಗಳು. ಇಷ್ಟು ಸಾಕಲ್ಲ ನನಗೆ? ಸೆರಗು ಸಿಕ್ಕಿಸಿಕೊಂಡು ನಿಂತೆ.

ಮೊದಲು ಫೋಟೋ. ಮೂವರನ್ನೂ ಡ್ರಮ್ಮಿನ ಹಿಂದೆ ನಿಲ್ಲಿಸಿದೆ. ಮೂವರದೂ ಜೀನ್ಸು, ಟೀಶರ್ಟು, ಬಿಸಿಲಿಗೆ ಕ್ಯಾಪು. ಯಾರು ಯಾವ ಧರ್ಮ ಅಂತ ಆ ದೇವರಿಗೂ ತಿಳಿಯುವಂತಿರಲಿಲ್ಲ. ಇದನ್ನು ನೋಡಿದರೆ ಜನಕ್ಕೆ ಏನು ಅರ್ಥವಾದೀತು? ನಾನು ಆಗಸ್ಟ್ ಹದಿನೈದರ ಛದ್ಮವೇಷ ನೋಡಿ ಬೆಳೆದವಳು. ನಮ್ಮ ಶಾಲೆಯಲ್ಲಿ ಐಕ್ಯತೆ ಅಂದರೆ ಒಬ್ಬನಿಗೆ ಟೋಪಿ, ಒಬ್ಬನಿಗೆ ಶಿಲುಬೆ, ಒಬ್ಬನಿಗೆ ನಾಮ, ಮಧ್ಯದಲ್ಲಿ ಹರಿದ ಸೀರೆಯ ಭಾರತಮಾತೆ. ಮೂವರನ್ನೂ ಮನೆಗೆ ಎಳೆದುಕೊಂಡು ಹೋದೆ.

ಸ್ಫೂರ್ತಿಗೆ ಜರಿ ಲಂಗ, ಮಲ್ಲಿಗೆ ದಂಡೆ, ಹಣೆ ತುಂಬ ಕುಂಕುಮ. ಜೆನಿಫರ್ ಕೊರಳಿಗೆ ಅವಳ ಅಜ್ಜಿ ಮನೆಯ ಗೋಡೆಯಿಂದ ಇಳಿಸಿದ ಶಿಲುಬೆ. ಪಾಪ, ಹುಡುಗಿಗೆ ಬಗ್ಗಲು ಆಗುತ್ತಿರಲಿಲ್ಲ. ನದೀಮ್‌ಗೆ ಯಾರನ್ನೋ ಕೇಳಿ ತಂದ ಮಿರಿಮಿರಿ ಟೋಪಿ. "ಆಂಟಿ, ನಾವು ನಮಾಜಿಗೆ ಹಾಕೋದು ಬೇರೆ, ಇದು ಕವಾಲಿ ಹಾಡೋರ್ದು" ಅಂತ ಬಹಳ ಮರ್ಯಾದೆಯಿಂದ ಹೇಳಿದ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಸುಮ್ಮನಿರಪ್ಪ ಅಂದೆ. ಮಗಳು ಇದೆಲ್ಲ ಕ್ರಿಂಜ್ ಅಂದಳು. ಹಾಗಂದರೆ ಏನು ಅಂತ ಕೇಳಿದರೆ ಹೇಳಲಿಲ್ಲ.

ಫೋಟೋದ ಕೆಳಗೆ "ಮೂರು ಧರ್ಮ, ಒಂದೇ ಲೋಟ" ಅಂತ ಬರೆದು ಹಾಕಿದೆ. ಅಯ್ಯೋ, ಬರೆದಾಗ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ? ಸಂಜೆಯೊಳಗೆ ಪೋಸ್ಟ್ ಹೆಬ್ಬಾಳ, ಯಲಹಂಕ ದಾಟಿ ಎಲ್ಲೆಲ್ಲೋ ಓಡಿತು. ಮೊದಲ ಕಾಮೆಂಟು: ಒಂದೇ ಲೋಟನಾ, ಮಧ್ಯೆ ತೊಳೀತೀರಾ? ಇನ್ನೊಬ್ಬ ಇದು ಯಾವ ಸೀರಿಯಲ್ ಗುರು ಅಂತ ಕೇಳಿದ. ಮತ್ತೊಬ್ಬ ಇವರೆಲ್ಲ ದುಡ್ಡು ಕೊಟ್ಟು ಕರೆಸಿದ ಮಾಡೆಲ್‌ಗಳು, ಆ ಹುಡುಗ ಸಾಬರವನೇ ಅಲ್ಲ ಅಂತ ತೀರ್ಪು ಕೊಟ್ಟ. ಇಬ್ಬರು ಅಲ್ಲೇ ಇತಿಹಾಸ ತೆಗೆದು ಜಗಳಕ್ಕೆ ಕೂತರು. ಒಬ್ಬರು ಸೋಲದೇವನಹಳ್ಳಿಯಲ್ಲಿ ಸೈಟ್ ಇದೆ ಅಂದರು. ಬಾಯಾರಿಕೆಯಾಗಿದೆ ಅಂದವರು ಒಬ್ಬರೂ ಇಲ್ಲ. ನಾನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂತೆ, ಮಗಳು ಬಂದು ಫೋನ್ ಕಿತ್ತುಕೊಳ್ಳುವವರೆಗೂ.

ಮರುದಿನ ನದೀಮ್ ಒಂದು ದಾರಿ ಹೇಳಿದ. ವೇಷ ಬೇಡ. ಹೇಗೂ ಶುಕ್ರವಾರ ಮುನಿರಾಜಣ್ಣ ಬರುತ್ತಾರೆ, ಅವರು ಕುಡಿಯುವುದನ್ನೇ ಲೈವ್ ಬಿಡೋಣ. ಸುತ್ತಲಿನವರಿಗೆ ಅವರು ಗೊತ್ತು, ಅವರನ್ನು ನೋಡಿದರೆ ಜನ ನಂಬುತ್ತಾರೆ. ಸರಿ ಅಂದೆವು.

ಶುಕ್ರವಾರ ಜನ ಬಂದಿದ್ದರು. ಸೀರಿಯಲ್ಲೋ ನಿಜವೋ ನೋಡಿಯೇ ಹೋಗೋಣ ಅಂತ ಬಂದವರೇ ಹೆಚ್ಚು. ಎಳನೀರಿನವನೂ ಕೈಕಟ್ಟಿ ನಿಂತಿದ್ದ. ಮುನಿರಾಜಣ್ಣ ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದು, ಕ್ಯಾಮೆರಾಗೆ ಕೈಮುಗಿದು, ಲೋಟ ಎತ್ತಿದರು. ಆಮೇಲೆ ಏನಾಯಿತು ಅನ್ನುವುದನ್ನು ಆಗಲೇ ಹೇಳಿದೆನಲ್ಲ.

ಕಷ್ಟಪಟ್ಟು ನುಂಗಿ ಅವರು ಕೇಳಿದರು: "ಏನ್ರೋ ಇದು, ಉಪ್ಪಿನ್‌ಕಾಯಿ ಜಾಡಿ ತೊಳ್ದಿದ್ ನೀರಾ? ಒಬ್ರೂ ಬಾಯ್ಗಾಕ್ಕಂಡ್ ನೋಡ್ಲಿಲ್ವಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರೋಜಾ ಇದೆ ಅಂಕಲ್" ಅಂದ ನದೀಮ್.

"ಈಸ್ಟರ್‌ವರೆಗೂ ಶುಕ್ರವಾರ ಸಂಜೆ ತನಕ ನಾವೇನೂ ತಗೊಳಲ್ಲ ಅಂಕಲ್" ಅಂದಳು ಜೆನಿಫರ್.

"ಸಂಕಷ್ಟಿ. ಚಂದ್ರ ಕಾಣೋವರೆಗೂ ಉಪ್ಪು ಮುಟ್ಟಲ್ಲ" ಅಂದಳು ನನ್ನ ಮಗಳು, ದನಿಯೇ ಇಲ್ಲದಂತೆ.

ಮುನಿರಾಜಣ್ಣ ನನ್ನ ಕಡೆ ತಿರುಗಿದರು. "ಮೇಡಮ್, ನಿಮ್ದು?"

"ಬಿಪಿ" ಅಂದೆ.

ಆದದ್ದಿಷ್ಟು. ನದೀಮ್ ಎಲ್ಲರಿಗಿಂತ ಮೊದಲು ಬಂದು ಮಜ್ಜಿಗೆ ಕಡೆದು, ಉಪ್ಪು ಹಾಕಿ, ಲೋಟ ತರಲು ಹೋದ. ಆಮೇಲೆ ಬಂದ ಜೆನಿಫರ್, ರೋಜಾ ಇರುವ ಹುಡುಗ ರುಚಿ ನೋಡಿರುವುದಿಲ್ಲ, ಹೆದರಿ ಕಮ್ಮಿ ಹಾಕಿರುತ್ತಾನೆ ಅಂತ ತಾನೂ ಒಂದು ಹಿಡಿ ಹಾಕಿದಳು. ನನ್ನ ಮಗಳು ಬಂದು, ಪಾಪ ಇಬ್ಬರೂ ಉಪವಾಸ ಅಂತ ಮತ್ತೊಂದು ಹಿಡಿ. ಒಬ್ಬರು ಇನ್ನೊಬ್ಬರನ್ನು ಕೇಳಲಿಲ್ಲ. ಉಪವಾಸ ಇರುವವರ ಮುಂದೆ ಮಜ್ಜಿಗೆ ರುಚಿಯ ಮಾತು ಎತ್ತುವುದು ಹೇಗೆ ಅಂತ ಮೂವರಿಗೂ ಸಂಕೋಚ!

ಸ್ಫೂರ್ತಿಯ ಕಣ್ಣು ತುಂಬಿಬಿಟ್ಟಿತ್ತು. ಎಳನೀರಿನವ ಆಗಲೇ ಶೆಡ್ಡಿನ ಉದ್ದಗಲ ಕಣ್ಣಲ್ಲೇ ಅಳೆಯುತ್ತಿದ್ದ. ನನಗೆ ಫೋನ್ ಆಫ್ ಮಾಡಬೇಕು ಅಂತ ಕೂಡ ಹೊಳೆಯಲಿಲ್ಲ.

ಮುನಿರಾಜಣ್ಣ ಡ್ರಮ್ ನೋಡಿದರು, ಮೂವರನ್ನೂ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಪಂಚೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತೇಬಿಟ್ಟರು. ನಿಂತವರೆಲ್ಲ ನಕ್ಕರು. ಫೋನಿನಲ್ಲಿ, ಮೊನ್ನೆ ಸೀರಿಯಲ್ ಅಂದಿದ್ದವನೇ ಬರೆದ: ಇದು ನಿಜ ಕಣ್ರೋ, ಇಷ್ಟು ಕೆಟ್ಟದಾಗಿ ಯಾರೂ ಆ್ಯಕ್ಟಿಂಗ್ ಮಾಡಕ್ಕಾಗಲ್ಲ.

ನಾನು ಧರ್ಮ ಕಾಣಿಸಬೇಕು ಅಂತ ಟೋಪಿ ಹುಡುಕಿಕೊಂಡು ಅಲೆದವಳು. ಈ ಮೂವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉರಿಬಿಸಿಲಲ್ಲಿ ಊರಿಗೆಲ್ಲ ಮಜ್ಜಿಗೆ ಹಂಚಲು ನಿಂತಿದ್ದರು, ಪೇಜಿನಲ್ಲಿ ಒಂದು ಮಾತೂ ಹೇಳದೆ. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಮುನಿರಾಜಣ್ಣ ಮನೆಗೆ ಫೋನ್ ಮಾಡಿ ಮೊಸರು ತರಿಸಿದರು. ತಾವೇ ನಲ್ಲಿ ತಿರುಗಿಸಿ, ಒಂದು ಡ್ರಮ್ಮನ್ನು ಮೂರು ಮಾಡಿದರು, ರುಚಿ ನೋಡಿದರು, ಮತ್ತೆ ನೋಡಿದರು. ಆಮೇಲೆ ಕುಡೀರಪ್ಪ ಅಂದರು. ಮಧ್ಯಾಹ್ನದೊಳಗೆ ಮೂರೂ ಖಾಲಿ. ಎಳನೀರಿನವನೂ ಒಂದು ಲೋಟ ಕುಡಿದು ಹೋದ.

ಹೊರಡುವಾಗ ಮುನಿರಾಜಣ್ಣ ತೀರ್ಪು ಹೇಳಿದರು. "ಮಳೆ ಬರೋಗಂಟ ಶೆಡ್ಡು ನಿಮ್ದೇ. ಉಪ್ಪು ಮಾತ್ರ ದಿನಾ ನಾನ್ ಬಂದ್ ನೋಡ್ತೀನಿ. ಶನಿವಾರ ಒಂದಿನ ಬುಟ್ಟು, ಅವತ್ತು ನಂದೂ ಉಪಾಸ."

ಆ ಫೋಟೋ ಡಿಲೀಟ್ ಮಾಡಿದ್ದೇನೆ, ಟೋಪಿ ವಾಪಸ್ ಕೊಟ್ಟಿದ್ದೇನೆ. ಈಗ ಪೇಜಿನಲ್ಲಿ ಕಾಣುವುದು ಒಂದೇ ಸಾಲು, ಇಲ್ಲೂ ಅದನ್ನೇ ಕೇಳುತ್ತೇನೆ: ಶನಿವಾರ ಶೆಟ್ಟಿಹಳ್ಳಿಗೆ ಬಂದು ಉಪ್ಪು ನೋಡಲು, ಉಪವಾಸವೂ ಇಲ್ಲದ ಬಿಪಿಯೂ ಇಲ್ಲದ ಪುಣ್ಯಾತ್ಮರು ಯಾರಾದರೂ ಇದ್ದೀರಾ?