ಬೀಗರ ಕಾಲು ನೋಡುವ ಶಾಸ್ತ್ರ

ಗಾಂಧಿ ಬಜಾರಿನಲ್ಲಿ ಉಜ್ಜನಪ್ಪನ ಸ್ಟೀಲ್ ಪಾತ್ರೆ ಅಂಗಡಿ, ಅದಕ್ಕೆ ಅಂಟಿಕೊಂಡೇ ನನ್ನ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಹಾಗಾಗಿ ಅವನ ವಿಷಯ ಮಾತಾಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಐವತ್ತು ದಾಟಿದ ಮೇಲೂ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡುವ ಲಿಂಗಾಯತ ವ್ಯಾಪಾರಿ ಶಿವಮೊಗ್ಗದಲ್ಲಿ ಇವನೊಬ್ಬನೇ ಇದ್ದ. ನಲವತ್ತೈದು ಮೇಲ್ಪಟ್ಟವರ ಓಟ ಎಲ್ಲೇ ನಡೆಯಲಿ, ಮೊದಲ ಬಹುಮಾನ ಅವನಿಗೆ. ಬಹುಮಾನವೆಂದರೆ ಒಂದು ಸ್ಟೀಲ್ ಬಿಂದಿಗೆ. ಓಟ ನಡೆಸುವವರು ಅದನ್ನು ಕೊಳ್ಳುತ್ತಿದ್ದುದೂ ಅವನ ಅಂಗಡಿಯಲ್ಲೇ. ಶನಿವಾರ ಮಾರಿದ ಬಿಂದಿಗೆ ಭಾನುವಾರ ಹೂವಿನ ಹಾರ ಹಾಕಿಕೊಂಡು ಅಂಗಡಿಗೆ ವಾಪಸ್ ಬರುತ್ತಿತ್ತು.

ತೊಂಬತ್ತೇಳರ ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಓಡುವಾಗ ಅವನಿಗೆ ಎದೆ ಹಿಂಡಿದಂತಾಯಿತು. ಪಾತ್ರೆ ಖರೀದಿಗೆ ಹೋಗುತ್ತೇನೆಂದು ಬಜಾರಿಗೆಲ್ಲ ಸುಳ್ಳು ಹೇಳಿ, ನನ್ನನ್ನು ಜೊತೆಗೆ ಕರೆದುಕೊಂಡು ಮಣಿಪಾಲಕ್ಕೆ ಹೋದ. ಹೃದಯದ ಒಂದು ರಕ್ತನಾಳ ಕಿರಿದಾಗಿದೆ ಎಂದರು. ಸದ್ಯಕ್ಕೆ ಮಾತ್ರೆ ಸಾಕು, ನೋವು ಬಂದರೆ ನಾಲಿಗೆ ಕೆಳಗಿಡಲು ಇನ್ನೊಂದು ಮಾತ್ರೆ. "ಪೈಪೋಟಿ ಗೀಪೋಟಿ ಬೇಡ. ಓಡಲೇಬೇಕು ಅಂದ್ರೆ ಮಾತಾಡ್ತಾ ಓಡೋವಷ್ಟು ನಿಧಾನ. ಮಾತು ನಿಂತ್ರೆ ಕಾಲೂ ನಿಲ್ಲಬೇಕು" ಎಂದರು ಡಾಕ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಹೇಳಬೇಕಾಗಿಯೇ ಇರಲಿಲ್ಲ. ಆದರೆ ಉಜ್ಜನಪ್ಪನಿಗೆ ಮದುವೆಗೆ ಬಂದ ಮಗಳಿದ್ದಳು. ಸುಮನಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವನ ಹೆಂಡತಿ ಜಯಶೀಲಾ ಮಣಿಪಾಲದ ಸುದ್ದಿ ಕೇಳಿ ಮೊದಲು ಅತ್ತಳು, ಆಮೇಲೆ ಬಾಗಿಲು ಹಾಕಿದಳು.

"ಹೊನ್ನಯ್ಯಣ್ಣ, ಇದು ಈ ಮನೆ ಹೊಸಿಲು ದಾಟಬಾರದು. ಹಾರ್ಟ್ ಪೇಷೆಂಟ್ ಮಗಳು ಅಂದ್ರೆ ಯಾರು ತಗೊಂಡು ಹೋಗ್ತಾರೆ? ಸುಮನಾಗೂ ಹೇಳೋದು ಬೇಡ."

"ಹಂಗಾದ್ರೆ ಓಟ ಬಿಡ್ಲಿ ಇವ್ನು" ಎಂದೆ.

"ಬಿಟ್ರೆ ಯಾಕೆ ಬಿಟ್ರಿ ಅಂತ ಕೇಳಲ್ವಾ? ಓಡ್ಲಿ, ನಿಧಾನಕ್ಕೆ ಓಡ್ಲಿ."

ಉಜ್ಜನಪ್ಪ ತಲೆ ಬಗ್ಗಿಸಿಕೊಂಡು ಕೂತಿದ್ದ. ಮುಖದಲ್ಲಿ ಮಾತ್ರ ಹಬ್ಬ. ಓಟ ಬಿಡು ಎನ್ನುತ್ತಾರೆಂದು ಹೆದರಿದ್ದವನಿಗೆ ಹೆಂಡತಿಯೇ ಓಡಲು ಹೇಳುತ್ತಿದ್ದಳು! ಇಂಥ ಗಂಡ ಹೆಂಡತಿಯನ್ನು ಕಟ್ಟಿಕೊಂಡು ನಾನು ಏನು ಮಾಡಲಿ, ಸ್ವಾಮಿ?

ಗಣರಾಜ್ಯೋತ್ಸವದ ಓಟದಲ್ಲಿ ಅವನು ಎಲ್ಲರಿಗಿಂತ ಹಿಂದೆ, ಪಕ್ಕದಲ್ಲಿ ನನ್ನ ಹಳೇ ಟಿವಿಎಸ್. ಡಾಕ್ಟರ ಅಪ್ಪಣೆಯಂತೆ ಮಾತಾಡುತ್ತಲೇ ಇದ್ದ. ಹುಟ್ಟಿದಾಗಿನಿಂದ ಎರಡು ಮಾತು ಆಡಿದರೆ ಹೆಚ್ಚೆನ್ನುವ ಮನುಷ್ಯ, ಅಡಿಕೆ ರೇಟು, ಹೊಳಲೂರಿನ ದಾಯಾದಿಗಳ ಬದುವಿನ ಜಗಳ, ಕುಕ್ಕರಿನ ಗ್ಯಾಸ್ಕೆಟ್ಟು, ಎಲ್ಲ ಹೇಳಿ ಮುಗಿಸಿದ. ಕೊನೆಯವನಾಗಿ ಗೆರೆ ಮುಟ್ಟಿದಾಗ ಜನ ಮುತ್ತಿಕೊಂಡರು. "ಏನಾಯ್ತು ಉಜ್ಜನಪ್ಪೋರೆ?"

ಜಯಶೀಲಾ ಮುಂದೆ ಬಂದಳು. "ಮಂಡಿ ನೋವು ಕಣ್ರೀ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ, ಸರಿ. ಆದರೆ ಸುಳ್ಳು ಹೇಳುವವರಿಗೆ ಸ್ವಲ್ಪ ನೆನಪಿನ ಶಕ್ತಿ ಬೇಕು. ಉಜ್ಜನಪ್ಪ ಬೆಳಿಗ್ಗೆ ಎಡಗಾಲು ಕುಂಟಿದರೆ ಸಂಜೆ ಬಲಗಾಲು ಕುಂಟುತ್ತಿದ್ದ. ಗಿರಾಕಿ ದೊಡ್ಡ ಕೊಳಗ ಕೇಳಿದರೆ ಎರಡೂ ಕಾಲು ಮರೆತು ಅಟ್ಟ ಹತ್ತಿಬಿಡುತ್ತಿದ್ದ. ಸ್ವಾತಂತ್ರ್ಯ ದಿನದ ಓಟಕ್ಕೆ ಮಂಡಿಗೊಂದು ಬ್ಯಾಂಡೇಜು ಸುತ್ತಿಕೊಂಡು ಬಂದ. ಅರ್ಧ ದಾರಿಯಲ್ಲಿ ಅದು ಬಿಚ್ಚಿ ಬಾಲದಂತೆ ಹಿಂದೆ ಜೋಲಾಡತೊಡಗಿತು. ಇವನು ಮಾತಿನ ಭರದಲ್ಲಿದ್ದ, ನೋಡಲೇ ಇಲ್ಲ.

ಸುದ್ದಿಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ, ಚೆನ್ನಾಗಿಯೇ ಓಡಿತು. ಮಲವಗೊಪ್ಪ ದಾಟುವ ಹೊತ್ತಿಗೆ ಒಂದು ಮಂಡಿ ಎರಡಾಗಿತ್ತು. ಭದ್ರಾವತಿ ಮುಟ್ಟುವಾಗ ಅವರ ವಂಶಕ್ಕೇ ಕಾಲಿನ ಐಬು ಎಂದಾಗಿತ್ತು. ಸರಿಯಾಗಿ ಆಗಲೇ ಗಣಪಯ್ಯ ಭದ್ರಾವತಿಯಿಂದ ಸಂಬಂಧ ತಂದ. ಸಂಬಂಧ ಕೂಡಿಸುವುದೇ ಅವನ ಕಸುಬು. ಹುಡುಗ ವೀರೇಂದ್ರ ಕಾಲೇಜಿನಲ್ಲಿ ಲೆಕ್ಚರರ್, ಅಪ್ಪ ರಾಮಚಂದ್ರಪ್ಪ ಕಾರ್ಖಾನೆಯಿಂದ ನಿವೃತ್ತಿಯಾದವರು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದರು. ಆದರೆ ಹುಡುಗನ ಸೋದರತ್ತೆ ಕಾಶಮ್ಮ ಸುಮನಾಳನ್ನು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಓಡಾಡಿಸಿದ್ದೇ ಓಡಾಡಿಸಿದ್ದು. ಒಮ್ಮೆ ನೀರು, ಒಮ್ಮೆ ಎಲೆ ಅಡಿಕೆ, ಒಮ್ಮೆ ಸುಣ್ಣ. ಹುಡುಗಿಯ ನಡಿಗೆ ಪಾಸಾಯಿತು. ಅಪ್ಪನದು ಉಳಿಯಿತು.

ಮರುವಾರ ಗಣಪಯ್ಯ ಬಂದು ಗಂಟಲು ಸರಿ ಮಾಡಿಕೊಂಡ. "ತಪ್ಪು ತಿಳ್ಕಬೇಡಿ. ಮುಂದೆ ಮಕ್ಕಳು ಮರಿ ಅಂತ ಆಗ್ತವಲ್ಲ, ಅವ್ರಿಗೆ ಕಾಲಿಂದೇ ಯೋಚ್ನೆ. ರಾಜ್ಯೋತ್ಸವಕ್ಕೆ ಭದ್ರಾವತೀಲಿ ಓಟ ಐತೆ. ಹಳೇನಗರದಲ್ಲಿ ಅವರ ಮನೆ ಮುಂದೇನೇ ಹಾದು ಹೋಗುತ್ತೆ. ನೀವು ಒಂದ್ಸಲ ಚೆನ್ನಾಗಿ ಓಡಿ ತೋರಿಸಿಬಿಟ್ರೆ ಮಾತುಕತೆ ಮುಗಿದಂಗೆ."

"ಓಡ್ತಾರೆ" ಎಂದಳು ಜಯಶೀಲಾ.

ಗಣಪಯ್ಯ ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. "ಏನಮ್ಮ, ಚೆನ್ನಾಗಿ ಓಡೋದಂದ್ರೆ ಏನಂತ ಗೊತ್ತಾ ನಿಂಗೆ? ಡಾಕ್ಟರು ಹೇಳಿದ್ದು ಮರ್ತೋಯ್ತಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಉಜ್ಜನಪ್ಪನೇ ಹೇಳಿದ. "ಬಿಡು ಮಾರಾಯ. ಒಂದು ಬೀದಿ ತಾನೆ? ಆ ಮನೆ ಮುಂದೆ ಜೋರಾಗಿ ಓಡ್ತೀನಿ, ಆಮೇಲೆ ನಿಧಾನ."

ಸುಮನಾಗೆ ನಾನೇ ಹೇಳಿದೆ. ಓಟದ ಹಿಂದಿನ ದಿನ ಅವಳ ಶಾಲೆಯ ಗೇಟಿನ ಹತ್ತಿರ ನಿಂತು ಮಣಿಪಾಲದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೊಸಿಲು ದಾಟಬಾರದು ಅಂದಿದ್ದರು, ದಾಟಿಸಿದೆ. ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ದಾಟಿಸುತ್ತೇನೆ. ಆ ಹುಡುಗಿ ಬಿಳಿಚಿಕೊಂಡಳು. "ಮನೇಲಿ ಹೇಳಿದ್ರೆ ಇಬ್ರೂ ಕೇಳಲ್ಲ, ನಾಳೆ ನಾನೂ ಬರ್ತೀನಿ" ಎಂದಳು.

ರಾಜ್ಯೋತ್ಸವದ ದಿನ ರಾಮಚಂದ್ರಪ್ಪನವರ ಜಗುಲಿಯ ಮೇಲೆ ಸಾಲಾಗಿ ಕುರ್ಚಿ ಹಾಕಿದ್ದರಂತೆ. ಮನೆಮಂದಿ, ನೆಂಟರು, ಪಕ್ಕದ ಮನೆಯವರು, ಎಲ್ಲರ ಕೈಯಲ್ಲೂ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಉಪ್ಪಿಟ್ಟು ಮಾಡುವುದು ಹೆಣ್ಣಿನ ಮನೆಯವರು. ಬೀಗರ ಕಾಲು ನೋಡುವ ಶಾಸ್ತ್ರಕ್ಕೆ ಗಂಡಿನ ಮನೆಯವರೇ ಮಾಡಿಸಿದ್ದರು. ಅಷ್ಟರಮಟ್ಟಿಗೆ ದೊಡ್ಡ ಮನಸ್ಸಿನ ಜನ, ಇಲ್ಲವೆನ್ನಲಾಗದು.

ಉಜ್ಜನಪ್ಪ ಮೊದಲಿಂದಲೇ ಮುನ್ನುಗ್ಗಿದ. ವರ್ಷವಿಡೀ ಕಟ್ಟಿಹಾಕಿದ್ದ ಕಾಲು, ಕೇಳಲೇ ಇಲ್ಲ. ನಾನು ಪಕ್ಕದಲ್ಲಿ ಟಿವಿಎಸ್ ಓಡಿಸುತ್ತ "ಅಡಿಕೆ ರೇಟೆಷ್ಟಯ್ಯಾ?" ಎಂದೆ. ಹೇಳಿದ. ಭದ್ರಾ ಸೇತುವೆ ಹತ್ತುವಾಗ ಮತ್ತೆ ಕೇಳಿದೆ. ತಲೆ ಮಾತ್ರ ಆಡಿಸಿದ. ಸೇತುವೆ ಇಳಿದ ಮೇಲೆ "ಮಾತಾಡೋ, ನಿನ್ನ ದಮ್ಮಯ್ಯ, ಏನಾದ್ರೂ ಮಾತಾಡೋ" ಎಂದು ಕೂಗಿದೆ. ಅವನ ಬಾಯಿ ತೆರೆದಿತ್ತು, ಮಾತಿರಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಅಳು ಬಂತು. ಎದುರಿಗೇ ಆ ಜಗುಲಿ, ಆ ತಟ್ಟೆಗಳು.

ಜನರ ಮಧ್ಯದಿಂದ ಸುಮನಾ ಓಡಿ ಬಂದು ಅಪ್ಪನ ರಟ್ಟೆ ಹಿಡಿದಳು. "ಅಪ್ಪಾಜಿ, ನಿಂತ್ಕಳಿ!"

"ಆ ಮನೆ... ದಾಟಿದ್ರೆ... ಸಾಕು ಮಗಳೇ."

"ಯಾರ ಮನೇನೂ ದಾಟೋದು ಬೇಡ, ಕೂತ್ಕಳಿ!" ಎಂದವಳು ಜಗುಲಿಯ ಕಡೆ ತಿರುಗಿದಳು. ನಲವತ್ತು ಮಕ್ಕಳ ಕ್ಲಾಸನ್ನು ಸುಮ್ಮನಿರಿಸುವ ಗಂಟಲು ಅದು, ಇಡೀ ಬೀದಿಗೆ ಕೇಳಿಸಿತು. "ನಮ್ಮಪ್ಪನ ಕಾಲಿಗೇನೂ ಆಗಿಲ್ಲ! ಅವ್ರಿಗೆ ಹಾರ್ಟ್ ಕಾಯಿಲೆ! ನಿಮಗೆ ಕಾಲು ತೋರಿಸ್ಬೇಕು ಅಂತ ಸಾಯ್ತಾ ಇದಾರೆ! ಯಾರಾದ್ರೂ ಎದ್ದು ಬನ್ರೀ!"

ಬಂದರು. ಹುಡುಗನೇ ಮೊದಲು ಜಗುಲಿಯಿಂದ ಹಾರಿದ. ಅವರದೇ ಕುರ್ಚಿಯ ಮೇಲೆ ಕೂರಿಸಿದೆವು, ನಾನು ಮಾತ್ರೆಯನ್ನು ನಾಲಿಗೆ ಕೆಳಗಿಟ್ಟೆ, ಅವರದೇ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಇನ್ನೊಂದು ಚೂರು ಓಡಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಉಜ್ಜನಪ್ಪ ಬದುಕಿದ. ಈಗಲೂ ಇದ್ದಾನೆ, ಪುಣ್ಯಾತ್ಮ.

ಅವನು ಮನೆಗೆ ಬಂದು ಸ್ವಲ್ಪ ದಿನವಾದ ಮೇಲೆ ಗಣಪಯ್ಯ ಬಂದ. ನಾನೂ ಅಲ್ಲೇ ಇದ್ದೆ. ಜಯಶೀಲಾ ಕಾಫಿ ತಂದಿಟ್ಟು, ಕೈ ಮುಗಿದು ನಿಂತಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

"ಹಾರ್ಟಿನ ಬಗ್ಗೆ ಅವರದೇನೂ ತಕರಾರಿಲ್ಲ" ಎಂದ ಗಣಪಯ್ಯ. "ಅವರ ಮನೇಲೇ ಮೂರು ಜನಕ್ಕೆ ಐತಂತೆ. ಮೊದಲೇ ಹೇಳಿದ್ರೆ ಓಡೋದೇ ಬೇಕಾಗಿರ್ಲಿಲ್ಲ ಅಂದ್ರು ರಾಮಚಂದ್ರಪ್ಪೋರು."

ನಾನೂ ಉಜ್ಜನಪ್ಪನೂ ಮುಖ ಮುಖ ನೋಡಿಕೊಂಡೆವು.

"ಆದ್ರೆ ಹುಡುಗಿ ಬೀದೀಲಿ ನಿಂತು ಹಂಗೆ ಕೂಗಿದ್ದು... ಹಿರಿಯರು ಅಂತ ನೋಡ್ಲಿಲ್ಲ ಅಂತ ಕಾಶಮ್ಮನೋರಿಗೆ ಬೇಜಾರು. ಬಾಯಿ ಸ್ವಲ್ಪ ಜೋರಾಯ್ತು ಅಂತ. ಹುಡುಗಿ ಒಂದ್ಸಲ ಬಂದು ತಪ್ಪಾಯ್ತು ಅಂದ್ಬಿಟ್ರೆ..."

ಒಳಗೆ ಪೇಪರು ತಿದ್ದುತ್ತ ಕೂತಿದ್ದ ಸುಮನಾ ಎದ್ದು ಬಾಗಿಲಿಗೆ ಬಂದಳು. "ಸರಿ, ಹೇಳ್ತೀನಿ ಬಿಡಿ. ಅಮ್ಮಂಗೆ ಸಮಾಧಾನ ಆಗ್ಲಿ."

ಜಯಶೀಲಾ ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ನೀನು ಒಳಗೆ ಹೋಗೆ" ಎಂದಳು ಮಗಳಿಗೆ. ಆಮೇಲೆ ಗಣಪಯ್ಯನ ಕಡೆ ತಿರುಗಿದಳು. "ಇವರಿಗೆ ಓಡಿ ಅಂದವಳು ನಾನು ಕಣ್ರೀ. ಇವಳ ಬಾಯಿ ಜೋರಿಲ್ದೇ ಇದ್ದಿದ್ರೆ ಇವತ್ತು ನೀವು ಬರ್ತಿದ್ದಿದ್ದು ಮದುವೆ ಮಾತಿಗಲ್ಲ, ಇವರ ತಿಥಿಗೆ. ತಪ್ಪಾಯ್ತು ಅಂತ ಯಾರಿಗೆ ಹೇಳ್ಬೇಕು ಇವಳು? ಕಾಫಿ ಕುಡಿದು ಹೊರಡಿ."