ಸದ್ದಿಲ್ಲದ ಗಾಡಿ ಮತ್ತು ಗಾಜಿನ ಮಾವ

ಗಾಜಿನ ಮಾವನ ಹಳೇ ಪಿಕಪ್ಪು ಬೀದಿಯ ತಿರುವಿಗೆ ಬರುವ ಮೊದಲೇ ಅದರ ಸದ್ದು ಮನೆಯೊಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು. ಸೈಲೆನ್ಸರ್ ತೂತಾದ ವರ್ಷ ಬೀದಿಯ ಕಾಗೆಗಳೆಲ್ಲ ಗುಳೆ ಎದ್ದು ಹೋದವಂತೆ, ವೆಲ್ಡಿಂಗ್ ಆದ ಮೇಲೆಯೇ ವಾಪಸಾದವಂತೆ. ಬಂದವುಗಳಲ್ಲಿ ಎರಡು ಕಾಗೆ ಕಿವುಡಾಗಿದ್ದವು ಎಂದೂ ಹೇಳುವವರಿದ್ದಾರೆ. ಕಾಗೆಯ ಕಿವಿ ಪರೀಕ್ಷೆ ಮಾಡಿದವರು ಯಾರೋ ತಿಳಿಯದು, ಆದ್ದರಿಂದ ಅಷ್ಟನ್ನು ನಂಬುವುದು ಬೇಡ.

ಆತ ಬೀದಿಗೆಲ್ಲ ಮಾವ. ನಿಜವಾಗಿ ಮಾವ ಅನ್ನುವ ಹಕ್ಕಿದ್ದದ್ದು ಸೊಸೆಯೊಬ್ಬಳಿಗೆ; ಅವಳು ಕರೆದದ್ದನ್ನು ಕೇಳಿ ಕೇಳಿ ಎಲ್ಲರ ಬಾಯಿಗೂ ಅದೇ ಅಂಟಿಕೊಂಡಿತು. ಮನೆಯ ಮುಂಭಾಗವೇ ಅಂಗಡಿ. ಸೊಸೆ ಗಾಜು ಕತ್ತರಿಸುತ್ತಾಳೆ, ಮಗ ಕಟ್ಟಡಗಳಲ್ಲಿ ಅದನ್ನು ಕಿಟಕಿಗೆ ಕೂರಿಸುತ್ತಾನೆ, ಇವರಿಬ್ಬರ ನಡುವಿನ ರಸ್ತೆ ಮಾವನದು. ಕಷ್ಟ ಇರುವುದೇ ಆ ರಸ್ತೆಯಲ್ಲಿ. ಗಾಜನ್ನು ಮಲಗಿಸಿ ಒಯ್ಯುವಂತಿಲ್ಲ, ಒಂದು ಗುಂಡಿ ಸಿಕ್ಕರೆ ತನ್ನ ಭಾರಕ್ಕೆ ತಾನೇ ಬಿರಿಯುತ್ತದೆ. ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಬೇಕು. ನಡುವೆ ರಟ್ಟು, ಕೆಳಗೆ ರಬ್ಬರು, ಮೂಲೆಗೆ ಬೆಣೆ, ಮೇಲೆ ಹಗ್ಗ. ಇಷ್ಟು ಸೇವೆ ಮಾಡಿದರೂ ದಾರಿಯಲ್ಲಿ ಒಂದು ಬೆಣೆ ಸಡಿಲಾದರೆ ಸಾಕು, ಗಾಜು ಗಾಜಿಗೆ ತಾಗಿ ಸಣ್ಣಗೆ ನಡುಗಲು ಶುರು. ಆಗಲೇ ಗಾಡಿ ನಿಲ್ಲಿಸಿ ಬೆಣೆ ಬಡಿದರೆ ಬದುಕಿತು. ಇಲ್ಲವಾದರೆ ಸೈಟಿನಲ್ಲಿ ಇಳಿಸುವುದು ಕಿಟಕಿಯಲ್ಲ, ಕಸ.

ಮಾವನ ಕೈಯಲ್ಲಿ ಗಾಜು ಒಡೆದದ್ದು ಯಾರ ನೆನಪಿನಲ್ಲೂ ಇಲ್ಲ. "ಗಾಜು ಹೇಳುತ್ತೆ, ನಾನು ಕೇಳ್ತೀನಿ, ಅಷ್ಟೇ" ಎನ್ನುವುದು ಆತನ ಮಾತು. ಮದುವೆ ಮನೆಯಲ್ಲಿ ಮೂಲೆಯ ಬೀರುವಿನ ಗಾಜು ಸಡಿಲವಾಗಿದೆ ಎಂದು ಊಟ ಬಿಟ್ಟು ಎದ್ದು ಹೋಗಿ ರಟ್ಟು ಸಿಕ್ಕಿಸಿ ಬಂದ ಮನುಷ್ಯ.

ಹಳೇ ಗಾಡಿ ಮಾವನಿಗೆ ತಕ್ಕದ್ದು. ಬಾನೆಟ್ ಎತ್ತಿದರೆ ಒಂದು ಸಣ್ಣ ಸಂಸಾರ ಬಾಡಿಗೆಗೆ ಇರುವಷ್ಟು ಜಾಗ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಕಾಣುತ್ತಿತ್ತು. ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತಿದರೆ ಮುಗಿಯಿತು. ಒಮ್ಮೆ ಗೇರಿನ ಗುಂಡು ಕಳೆದುಹೋಗಿ ಮನೆಯ ಬಾಗಿಲಿನ ಹಿಡಿಯನ್ನೇ ಸಿಕ್ಕಿಸಿಕೊಂಡು ಓಡಿಸಿದ್ದರಂತೆ, ಆಮೇಲೆ ಗೇರು ಬದಲಾಯಿಸಿದಾಗಲೆಲ್ಲ ಹೆಂಡತಿ "ಯಾರು ಬಂದ್ರು?" ಎಂದು ಒಳಗಿನಿಂದ ಕೇಳುತ್ತಿದ್ದಳಂತೆ.

ಆದರೆ ಈಚೆಗೆ ಅದರ ಬಿಡಿಭಾಗ ಸಿಗುತ್ತಿರಲಿಲ್ಲ. ಕಟ್ಟಡಗಳು ಎತ್ತರವಾದಂತೆ ಗಾಜೂ ಆಳೆತ್ತರ ಮೀರಿತು. ಮಗ, ಸೊಸೆ ಸೇರಿ ಹೊಸ ಪಿಕಪ್ ತಂದರು. ಬೀಗದ ಕೈ ಇಲ್ಲ, ಗುಂಡಿ ಒತ್ತಬೇಕು. ಬಾನೆಟ್ ಎತ್ತಿದರೆ ಒಳಗೆ ಇನ್ನೊಂದು ಮುಚ್ಚಳ. ಕೆಟ್ಟರೆ ಮೆಕ್ಯಾನಿಕ್ ಸ್ಪಾನರ್ ತರುವುದಿಲ್ಲ, ಕಂಪ್ಯೂಟರ್ ತಂದು ಗಾಡಿಯ ಹತ್ತಿರವೇ ಏನಾಗಿದೆ ಎಂದು ವಿಚಾರಿಸುತ್ತಾನೆ. ಮಾವ ಒಂದೇ ದಿನದಲ್ಲಿ ಗುರ್ ಎಂದು ತಿರುಗಿ ಬೀಳುತ್ತಾರೆ ಎಂದು ಮನೆಯವರೆಲ್ಲ ಕಾದು ಕೂತಿದ್ದರು. ಆತ ನಗುತ್ತ ಇಳಿದರು.

"ಬಾಳ ಮರ್ಯಾದಸ್ಥ ಗಾಡಿ ಕಣ್ರೋ. ಒಂದು ಮಾತಾಡಲ್ಲ" ಎಂದರು.

ಹಳೆಯದನ್ನು ಮಾರುವ ಮಾತಿಗೂ ಹೂಂ ಅಂದುಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಆ ವಾರವೇ ಒಂದು ಲೋಡು ಒಡೆಯಿತು. ಸೈಟಿನಲ್ಲಿ ಹಗ್ಗ ಬಿಚ್ಚಿದರೆ ಬೆಣೆ ಕೆಳಗೆ ಬಿದ್ದಿದೆ, ನಾಲ್ಕಾರು ಗಾಜಿನ ಅಂಚು ಅಕ್ಕಿ ನುಚ್ಚಾದಂತೆ ಆಗಿದೆ. ಮಾವನಿಗೆ ನಂಬಲೇ ಆಗಲಿಲ್ಲ. ದಾರಿಯುದ್ದಕ್ಕೂ ಗಾಜು ತುಟಿ ಬಿಚ್ಚಿರಲಿಲ್ಲ. ಮನೆಗೆ ಬಂದು, ಕತ್ತರಿಸುವಾಗಲೇ ಕೂದಲೆಳೆ ಬಿರುಕು ಇದ್ದಿರಬಹುದು ಎಂದುಬಿಟ್ಟರು. ಸೊಸೆಯ ಮುಖ ಕೆಂಪಗಾಯಿತು. ಮರುದಿನ ಕ್ಷೌರದಂಗಡಿಯೊಂದಕ್ಕೆ ಉದ್ದನೆಯ ಕನ್ನಡಿ ಹೋಗಬೇಕಿತ್ತು. ಅದನ್ನು ತಾನೇ ಬೆಣೆ ಹೊಡೆದು ನಿಲ್ಲಿಸಿ, ಮಾವನ ಪಕ್ಕದಲ್ಲಿ ಹತ್ತಿ ಕೂತಳು. ಕನ್ನಡಿಗಿಂತ ಮಾವನ ಮೇಲೆಯೇ ಕಣ್ಣು.

ಗಾಡಿ ಹೊರಟಿತು, ಕಿರುಚಾಟವೂ ಹೊರಟಿತು. ಮಾವ ಬೆಲ್ಟು ಹಾಕಿಲ್ಲ ಎಂದು ಒಂದು ಸದ್ದು. ಹಿಂದಿನ ಬಾಗಿಲು ಸರಿಯಾಗಿ ಕೂತಿಲ್ಲ ಎಂದು ಇನ್ನೊಂದು. ರಸ್ತೆಯ ಗೆರೆ ದಾಟಿದಾಗ ಮತ್ತೊಂದು, ಅದು ಬೇರೆ ರಾಗ. ಮದುವೆ ಮನೆಯಲ್ಲಿ ಬಡಿಸುವವರು ಒಟ್ಟಿಗೆ ಜಗಳಕ್ಕೆ ಬಿದ್ದಂತಿತ್ತು. ಮಾವ ಮಾತ್ರ ಸ್ಟಿಯರಿಂಗ್ ಮೇಲೆ ಬೆರಳು ಕುಣಿಸುತ್ತ ಹಳೇ ಹಾಡು ಗುನುಗುತ್ತಿದ್ದರು.

"ನೋಡಮ್ಮ, ಎಷ್ಟು ತಣ್ಣಗೆ ಹೋಗ್ತಾ ಇದೆ" ಎಂದರು.

ತಮಾಷೆ ಮಾಡುತ್ತಿದ್ದಾರೇನೋ ಎಂದು ಸೊಸೆ ಮುಖ ನೋಡಿದಳು, ತಮಾಷೆ ಇರಲಿಲ್ಲ. ಹಿಂದಿನಿಂದ ನೀರಿನ ಟ್ಯಾಂಕರಿನವನು ಹಾರನ್ನು ಅದುಮಿ ಹಿಡಿದೇ ಬರುತ್ತಿದ್ದ. ಮಾವ ಗಾಡಿಯ ಪಕ್ಕದ ಕನ್ನಡಿಯಲ್ಲಿ ಅವನನ್ನು ಕಂಡ ಮೇಲಷ್ಟೇ ಪಕ್ಕಕ್ಕೆ ಸರಿದರು.

ಕ್ಷೌರದಂಗಡಿಯಲ್ಲಿ ಕನ್ನಡಿ ಇಳಿಸಿ, ಟೀ ಕುಡಿಯುವಾಗ ಅವಳು ಬಾಯಿಬಿಟ್ಟಳು. ಅತ್ತೆಗೆ ಹೇಳಿಸಬಹುದಿತ್ತು, ಗಂಡನಿಗೆ ಹೇಳಿಸಬಹುದಿತ್ತು. ಆದರೆ ಬೆನ್ನ ಹಿಂದಿನ ಮಾತು ಈ ಮನುಷ್ಯನಿಗೆ ಮಾಡುವ ಅವಮಾನ ಅನ್ನಿಸಿತು.

"ಮಾವ, ಗಾಡಿ ದಾರಿಯುದ್ದಕ್ಕೂ ಕೂಗ್ತಾನೇ ಇತ್ತು."

"ಯಾವ ಗಾಡಿ?"

"ನಮ್ದೇ. ಈಗ್ಲೂ ಕೂಗ್ತಾ ಇದೆ, ನೀವು ಬಾಗಿಲು ತೆಗೆದಿಟ್ಟು ಬಂದಿದೀರ."

ಮಾವ ತಲೆ ಓರೆ ಮಾಡಿ ಗಾಡಿಯ ಕಡೆ ಕಿವಿಯಿಟ್ಟರು. ಕ್ಷೌರಿಕ ಒಳಗಿನಿಂದ ಬಂದು, ಆ ಪೀಪೀ ನಿಲ್ಲಿಸ್ತೀರಾ ಎಂದು ಕೇಳಿಕೊಂಡ. ಮಾವ ಟೀ ಲೋಟ ಕೆಳಗಿಟ್ಟರು, ಅರ್ಧ ಹಾಗೇ ಉಳಿದಿತ್ತು.

ಮನೆಯಲ್ಲಿ ವಿಷಯ ತಿಳಿದು ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೆ ಯಾವತ್ತೋ ಗೊತ್ತಿತ್ತು. ಬೈದಿದ್ದು ಕೇಳಲ್ಲ, ತಿರುಗಿ ಬೈಯಲ್ಲ, ಸಂಸಾರ ಚೆನ್ನಾಗಿತ್ತು. ನಾನ್ಯಾಕೆ ಹೇಳ್ಲಿ?" ಎಂದಳು. ಮಾವ ನಗಲಿಲ್ಲ. ಸೊಸೆ ನಿಧಾನವಾಗಿ ಹೇಳಿದ್ದು ಇಷ್ಟು: ಕಿವಿ ತೋರಿಸಿಕೊಳ್ಳಿ, ಆಮೇಲೆ ಗಾಡಿ. ಕಿವಿ ಇಲ್ಲದೆ ರಸ್ತೆ ಬೇಡ. ಮಾವನ ಕಣ್ಣು ಅಂಗಡಿಯ ಮೇಜಿನ ಹಿಂದಿದ್ದ ಕುರ್ಚಿಯ ಮೇಲೆ ಬಿತ್ತು. ಗಾಡಿ ಹೋದರೆ ಉಳಿಯುವುದು ಅದೇ. ಬಂದವರಿಗೆ ಕೂತುಕೊಳ್ಳಿ ಎನ್ನುವುದು, ಹೋದವರಿಗೆ ಬನ್ನಿ ಎನ್ನುವುದು.

ಡಾಕ್ಟರು ಕಿವಿಗೆ ಕಡಲೆಕಾಳಿನಷ್ಟು ಯಂತ್ರ ಕೂರಿಸಿದರು. ತಂತಿ ಕಣ್ಣಿಗೆ ಕಾಣದ ಯಾವ ಯಂತ್ರವನ್ನೂ ನಂಬಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದವರ ಕಿವಿಯೊಳಗೇ ಅಂಥದ್ದೊಂದು ಬಿಡಾರ ಹೂಡಿತು. ಮಾವ ಅದನ್ನು ಸಹಿಸಿದರು, ಆದರೆ ಒಂದು ಹಟ ಹಿಡಿದರು: ಮೊದಲು ಇನ್ನೂ ಮಾರದೆ ನಿಂತಿದ್ದ ಹಳೇ ಗಾಡಿ. ಅದರಲ್ಲಿ ಗಾಜು ಎಂದೂ ಕೈಕೊಟ್ಟಿಲ್ಲ, ಹೊಸದೇ ಕಿವಿ ಕೆಡಿಸಿದ್ದು ಎಂದು ವಾದ. ಸೊಸೆ ಎರಡು ಗಾಜು ಹೇರಿ, ತಾನೂ ಹತ್ತಿದಳು.

ಎಂಜಿನ್ ಶುರುವಾದದ್ದೇ ತಡ, ಮಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಬಾಗಿಲು, ತಗಡು, ಸೀಟಿನ ಸ್ಪ್ರಿಂಗು, ಎಲ್ಲವೂ ಒಂದೇ ಸಲ ಆಸ್ತಿ ಪಾಲು ಕೇಳುತ್ತಿದ್ದವು.

"ಇದು ಯಾವಾಗಿನಿಂದ ಹಿಂಗೆ ಅರಚ್ತಾ ಇದೆ?"

"ನಾನು ಮದುವೆಯಾಗಿ ಬಂದಾಗಿನಿಂದ, ಮಾವ."

ಹಲ್ಲು ಕಚ್ಚಿ ಸ್ವಲ್ಪ ದೂರ ಓಡಿಸಿದರು. ಆ ಗಲಾಟೆಯಲ್ಲಿ ಗಾಜಿನ ಸುದ್ದಿಯೇ ಇಲ್ಲ. ಕೊನೆಗೆ ಯಂತ್ರ ಕಿತ್ತು ಜೇಬಿಗೆ ಹಾಕಿದರು. ಎಲ್ಲ ಶಾಂತ. ಮತ್ತು ಅಲ್ಲಿ, ಬೆನ್ನಿನ ನಡುವೆ, ಇರುವೆ ಹರಿದಂತೆ ಸಣ್ಣ ನಡುಕ. ಗಾಜು. ಹಳೇ ಗಾಡಿಯಲ್ಲಿ ಚೌಕಟ್ಟನ್ನು ಬೋಲ್ಟು ಹಾಕಿ ಬಿಗಿದದ್ದು ಸೀಟಿನ ಹಿಂದಿನ ತಗಡಿಗೇ, ಸೀಟಿನ ಮೆತ್ತೆ ಎಂದೋ ಸವೆದಿತ್ತು. ಎಷ್ಟು ವರ್ಷದಿಂದ ಕಿವಿ ಕೈಬಿಟ್ಟಿತ್ತೋ, ಬೆನ್ನು ಆ ಕೆಲಸ ಮಾಡಿಕೊಂಡು ಬಂದಿತ್ತು, ಯಜಮಾನನಿಗೂ ಹೇಳದೆ. ಹೊಸ ಗಾಡಿಯ ದಪ್ಪ ಮೆತ್ತೆಯಲ್ಲಿ ಬೆನ್ನೂ ಕಿವುಡಾಯಿತು, ಅಷ್ಟೇ.

ಮಾವನ ಮುಖ ಅರಳಿತು. "ಬಲಗಡೆ ಬೆಣೆ ಸಡಿಲ" ಎನ್ನುತ್ತ ಗಾಡಿಯನ್ನು ಪಕ್ಕಕ್ಕೆ ಎಳೆದರು. ಸೊಸೆ ಗಬಕ್ಕನೆ ಸ್ಟಿಯರಿಂಗ್ ಹಿಡಿದು ಈಚೆ ತಿರುಗಿಸಿದಳು. ಪಕ್ಕದಲ್ಲಿ ಸೈಕಲ್ಲಿನ ಹೆಂಗಸೊಬ್ಬಳು ಗಂಟೆ ಬಾರಿಸುತ್ತಲೇ ಬರುತ್ತಿದ್ದವಳು, ಕಾಲು ನೆಲಕ್ಕೂರಿ ನಿಂತು, ಬೈಯಲೂ ಆಗದೆ ಏದುಸಿರು ಬಿಡುತ್ತಿದ್ದಳು.

ಮಾವ ಇಳಿದು ಹೋಗಿ ಅವಳಿಗೆ ಕೈಮುಗಿದರು. ವಾಪಸು ಬಂದು ಕೂತರು. ಬೆಣೆ ನಿಜಕ್ಕೂ ಸಡಿಲವಾಗಿತ್ತು. ಸೊಸೆ ಹೋಗಿ ಬಡಿದು ಬಂದಳು. ಅದನ್ನು ಹೇಳಿದಾಗ ಆತನಿಗೆ ಹಿಗ್ಗಾಗಲಿಲ್ಲ. ಜೇಬಿನಿಂದ ಯಂತ್ರ ತೆಗೆದು ಅಂಗೈಯಲ್ಲಿಟ್ಟು ನೋಡುತ್ತಿದ್ದರು.

"ಇದಿಲ್ದೆ ಇದ್ರೆ ಗಾಜು ಗೊತ್ತಾಗುತ್ತೆ, ಆ ತಾಯಿ ಗೊತ್ತಾಗಲ್ಲ. ಇದ್ರೆ ಆ ತಾಯಿ ಗೊತ್ತಾಗ್ತಾಳೆ, ಗಾಜು ಗೊತ್ತಾಗಲ್ಲ" ಎಂದರು. "ಗಾಜು ಒಡೆದ್ರೆ ಇನ್ನೊಂದು ಕತ್ತರಿಸ್ತೀಯ ನೀನು" ಎಂದು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು.

ಹಳೆಯದನ್ನು ಇಟ್ಟಿಗೆ ಸಾಗಿಸುವವನೊಬ್ಬ ಕೊಂಡ. ಇಟ್ಟಿಗೆ ನಡುಗಿದರೆ ಕೇಳುವವರಿಲ್ಲ.

ಮಾವ ಈಗ ಹೊಸದನ್ನು ಓಡಿಸುತ್ತಾರೆ. ಅದು ಕೂಗುವುದೆಲ್ಲ ಕೇಳಿಸುತ್ತದೆ. ಬೆಲ್ಟು ಹಾಕು ಎಂದರೆ ಹಾಕುತ್ತಾರೆ, ನಾಲ್ಕು ಮಾತು ಬೈದು. ಗಾಜಿನ ಬಗ್ಗೆ ಮಾತ್ರ ಅದು ಏನೂ ಹೇಳುವುದಿಲ್ಲ. ಆದ್ದರಿಂದ ಗುಂಡಿಯ ರಸ್ತೆ ದಾಟಿದ ಕೂಡಲೇ ಮರದ ನೆರಳೊಂದನ್ನು ನೋಡಿ ನಿಲ್ಲಿಸಿ, ಇಳಿದು ಹಿಂದೆ ಹೋಗಿ, ಒಂದೊಂದು ಗಾಜಿನ ಮೇಲೂ ಅಂಗೈಯಿಟ್ಟು ನೋಡುತ್ತಾರೆ, ಎಮ್ಮೆಯ ಬೆನ್ನು ಸವರಿದ ಹಾಗೆ. ಸೈಟಿನಲ್ಲಿ ಕಾಯುವ ಮಗನಿಗೆ ಇದರಿಂದ ರೇಗುತ್ತದೆ. ಅಪ್ಪ ಇನ್ನೂ ಬಂದಿಲ್ಲ ಎಂದು ತನ್ನ ಹೆಂಡತಿಗೆ ಫೋನ್ ಮಾಡುತ್ತಾನೆ.

"ಕೈಯಲ್ಲಿ ಕೇಳ್ತಾ ಇರ್ತಾರೆ, ಸ್ವಲ್ಪ ಕಾಯಿ" ಎನ್ನುತ್ತಾಳೆ ಅವಳು, ಕತ್ತರಿಸುವ ಗೆರೆಯಿಂದ ಕಣ್ಣು ತೆಗೆಯದೆ.